ನಂಬಿಕೆ ಬೇಡ ಅನ್ನೋ ಜನರ ನಡುವೆ ಕ್ರೈಸ್ತರಾಗಿ ಬದುಕೋದು ಹೇಗೆ

ನೀವು ಯೇಸುವನ್ನ ನಂಬಿದೀರಿ, ಸುತ್ತ ಇರೋರಿಗೆ ಅದು ಬೇಡ. ಕೆಲವು ಕಡೆ ಅದು ಬರೀ ಚುಚ್ಚು ಮಾತು, ಕೆಲವು ಕಡೆ ಮನೆಯವರೇ ಮಾತು ಬಿಡ್ತಾರೆ, ಇನ್ನು ಕೆಲವು ಕಡೆ ಕಾನೂನೇ ಅಡ್ಡ ನಿಂತಿರುತ್ತೆ. ನಾನು ಪಾಸ್ಟರ್ ಅಲ್ಲ, ಬೈಬಲ್ ಕಾಲೇಜಲ್ಲಿ ಓದಿದವನೂ ಅಲ್ಲ, ನಮ್ಮ ಮನೇಲಿ ನಂಬಿದವನು ನಾನೊಬ್ಬನೇ, ಹಾಗಾಗಿ ತಪ್ಪು ಮಾಡಿ ಮಾಡಿ ಕಲಿತದ್ದನ್ನ ಇಲ್ಲಿ ಹೇಳ್ತಾ ಇದೀನಿ. ಬೇರೆ ಏನೇ ಮರೆತರೂ ಒಂದು ವಿಷಯ ಇಟ್ಕೊಳ್ಳಿ. ಎಲ್ಲಿ ಬಾಗಬಹುದು, ಎಲ್ಲಿ ಬಾಗಬಾರದು ಅನ್ನೋದನ್ನ ಕಷ್ಟ ಬರೋಕೆ ಮುಂಚೇನೇ ಕೂತು ತೀರ್ಮಾನ ಮಾಡಬೇಕು. ಕಷ್ಟ ಎದುರಿಗೆ ನಿಂತಾಗ ತಲೆ ಓಡಲ್ಲ, ಭಯ ಮಾತ್ರ ಓಡುತ್ತೆ.

ದಾನಿಯೇಲನ ಮೊದಲನೇ ಅಧ್ಯಾಯ ನಿಧಾನವಾಗಿ ಓದಿ ನೋಡಿ. ಬಾಬೆಲಿಗೆ ಸೆರೆ ಹೋದ ಹುಡುಗ. ಅವನ ಹೆಸರನ್ನೇ ಬದಲಾಯಿಸಿ ಬೇಲ್ತೆಶಚ್ಚರ ಅಂತ ಇಟ್ಟರು, ಅದರಲ್ಲಿ ಅವರ ದೇವರ ಹೆಸರೇ ಇದೆ, ಅವನು ಜಗಳ ಆಡಲಿಲ್ಲ. ಅಲ್ಲಿನವರಾದ ಕಸ್ದೀಯರ ಭಾಷೆ, ಅವರ ಗ್ರಂಥ ಎಲ್ಲ 3 ವರ್ಷ ಕಲೀಬೇಕು ಅಂದರು, ಕಲಿತ, ಎಲ್ಲರಿಗಿಂತ ಚೆನ್ನಾಗೇ ಕಲಿತ. ಅರಸನ ಊಟ ಮಾತ್ರ ಬೇಡ ಅಂದ. ಅದನ್ನೂ ತಟ್ಟೆ ಎಸೆದು ಹೇಳಲಿಲ್ಲ, ಮೇಲಿದ್ದ ಅಧಿಕಾರಿ ಹತ್ರ ಹೋಗಿ ಕೇಳಿಕೊಂಡ. ಆ ಅಧಿಕಾರಿಗೆ ತನ್ನ ತಲೆ ಹೋಗುತ್ತೆ ಅನ್ನೋ ಭಯ, ಅದು ಸುಳ್ಳು ಭಯವೂ ಅಲ್ಲ. ಆಗ ದಾನಿಯೇಲ ಕೆಳಗಿನ ಮೇಲ್ವಿಚಾರಕನ ಹತ್ರ ಹೋಗಿ, 10 ದಿನ ನಮಗೆ ಕಾಯಿಪಲ್ಯ, ನೀರು ಕೊಟ್ಟು ನೋಡಿ, ಆಮೇಲೆ ನಮ್ಮ ಮುಖ ನೋಡಿ ನೀವೇ ತೀರ್ಮಾನ ಮಾಡಿ ಅಂದ. ಇವನ ಬೇಡಿಕೆಯಿಂದ ಎದುರಿಗಿದ್ದವನು ಸಿಕ್ಕಿಹಾಕಿಕೊಳ್ಳಬಾರದು ಅಂತಾನೂ ಯೋಚನೆ ಮಾಡಿದ ಅನ್ನೋದು ನನಗೆ ತುಂಬ ಮುಖ್ಯ ಅನಿಸುತ್ತೆ.

ನೀವೂ ಒಂದು ಹಾಳೆ ತಗೊಳ್ಳಿ, ಮೂರು ಪಟ್ಟಿ ಮಾಡಿ. ಮೊದಲನೇದು ಏನಾದರೂ ಸರಿ ಬಿಡದೇ ಇರೋದು: ಯೇಸುವನ್ನ ಗೊತ್ತಿಲ್ಲ ಅನ್ನಲ್ಲ, ಬೇರೆಯದನ್ನ ಆರಾಧಿಸಲ್ಲ, ಸುಳ್ಳು ಲೆಕ್ಕ ಬರೆಯಲ್ಲ, ಯಾರಿಗೂ ಕೇಡು ಮಾಡಲ್ಲ. ಈ ಪಟ್ಟಿ ಚಿಕ್ಕದಾಗಿರಲಿ, ಉದ್ದ ಆದಷ್ಟೂ ನೀವು ಎಲ್ಲದಕ್ಕೂ ಮುನಿಸಿಕೊಳ್ಳೋ ಮನುಷ್ಯ ಆಗ್ತೀರಿ. ಎರಡನೇದು ಧಾರಾಳವಾಗಿ ಬಾಗಬಹುದಾದದ್ದು: ಉಡುಪು, ಹೆಸರು, ಭಾಷೆ, ಜನರ ಸುಖದುಃಖಕ್ಕೆ ಹೋಗಿ ನಿಲ್ಲೋದು, ಎಲ್ಲರೂ ಹಣ ಸೇರಿಸಿ ಯಾರಿಗಾದರೂ ಸಹಾಯ ಮಾಡ್ತಿದ್ದರೆ ನಿಮ್ಮ ಪಾಲು ಹಾಕೋದು. ಮೂರನೇದು ಗೊತ್ತಾಗದೇ ಇರೋದು, ಇದೇ ದೊಡ್ಡ ಪಟ್ಟಿ ಆಗುತ್ತೆ, ಆದರೂ ಪರವಾಗಿಲ್ಲ.

ಈ ಮೂರನೇ ಪಟ್ಟಿಗೆ ನನಗೆ ಬೈಬಲಿನ ಎರಡು ಜಾಗ ಸಹಾಯ ಮಾಡಿವೆ. ಒಂದು ನಾಮಾನ, ಬೇರೆ ದೇಶದ ಸೇನಾಪತಿ. ಕುಷ್ಠ ವಾಸಿಯಾಗಿ ಇಸ್ರಾಯೇಲಿನ ದೇವರನ್ನ ನಂಬಿದ ಮೇಲೆ ಪ್ರವಾದಿ ಎಲೀಷನ ಹತ್ರ ಒಂದು ಸಂಕಟ ಹೇಳ್ಕೊಳ್ತಾನೆ, ನನ್ನ ಯಜಮಾನ ರಿಮ್ಮೋನನ ಗುಡಿಗೆ ಹೋಗುವಾಗ ನನ್ನ ಕೈ ಹಿಡಿದುಕೊಳ್ತಾನೆ, ಅವನ ಜೊತೆ ನಾನೂ ಬಗ್ಗಬೇಕಾಗುತ್ತೆ, ಇದನ್ನ ದೇವರು ಕ್ಷಮಿಸಲಿ ಅಂತ. ಎಲೀಷ ಬೈಯಲಿಲ್ಲ, ಸಮಾಧಾನದಿಂದ ಹೋಗು ಅಂದ, ಅಷ್ಟೇ. ಇನ್ನೊಂದು ಪೌಲ ಕೊರಿಂಥದವರಿಗೆ ಬರೆದದ್ದು. ಮಾರ್ಕೆಟ್ಟಲ್ಲಿ ಮಾರೋ ಮಾಂಸ ಎಲ್ಲಿಂದ ಬಂತು ಅಂತ ವಿಚಾರಣೆ ಮಾಡದೆ ತಿನ್ನಿ, ನಂಬದವರು ಊಟಕ್ಕೆ ಕರೆದರೆ ಹೋಗಿ ಬಡಿಸಿದ್ದನ್ನ ತಿನ್ನಿ, ಆದರೆ ಯಾರಾದರೂ ಇದು ವಿಗ್ರಹಕ್ಕೆ ಬಲಿ ಕೊಟ್ಟದ್ದು ಅಂತ ಎದ್ದು ಹೇಳಿದರೆ ಆಗ ಬಿಟ್ಟುಬಿಡಿ, ಹೇಳಿದವನ ಮನಸ್ಸಾಕ್ಷಿಗೋಸ್ಕರ. ಅಂದರೆ ಒಂದೇ ವಿಷಯಕ್ಕೆ ಎರಡು ಉತ್ತರ ಇರಬಹುದು. ಅದಕ್ಕೇ ಈ ಪಟ್ಟಿಯನ್ನ ಒಬ್ಬರೇ ಕೂತು ಮುಗಿಸಬೇಡಿ, ನಂಬಿಕೆಯಲ್ಲಿ ಹಳಬರಾದ ಯಾರ ಜೊತೆಗಾದರೂ ಕೂತು ಪ್ರಾರ್ಥನೆ ಮಾಡಿ ನೋಡಿ, ಮತ್ತೆ ನಿಮ್ಮ ಉತ್ತರವೇ ಪಕ್ಕದ ವಿಶ್ವಾಸಿಗೂ ಉತ್ತರ ಆಗಬೇಕು ಅಂತ ಹಠ ಮಾಡಬೇಡಿ.

ನನ್ನದೊಂದು ಹೇಳ್ತೀನಿ. ಒಂದು ಸಲ ಆಫೀಸಲ್ಲಿ ಬಿಲ್ಲಿಗೆ ಹಿಂದಿನ ತಿಂಗಳ ಡೇಟ್ ಹಾಕು ಅಂದರು. ಸಂಜೆ ಆರೂವರೆ, ಎಲ್ಲರೂ ಬ್ಯಾಗ್ ಎತ್ತಿಕೊಂಡು ನಿಂತಿದ್ದಾರೆ, ನನ್ನ ಒಂದು ಸೈನಿಗೆ ಕಾಯ್ತಿದ್ದಾರೆ. ಕೈಯಲ್ಲಿದ್ದ ಪೆನ್ನು ಬೆವರಿಗೆ ಜಾರ್ತಿತ್ತು. ಮೊದಲೇ ಹಾಳೆಯಲ್ಲಿ ಬರೆದುಕೊಂಡಿರದಿದ್ದರೆ ಖಂಡಿತ ಹಾಕಿಬಿಡ್ತಿದ್ದೆ. "ಸಾರ್, ಇದೊಂದು ನನ್ನ ಕೈಲಿ ಆಗಲ್ಲ, ಇವತ್ತಿನ ಡೇಟ್ ಹಾಕಿ ಕೊಡ್ತೀನಿ, ಲೇಟ್ ಆಗಿದ್ದು ಯಾಕೆ ಅಂತ ಲೆಟರ್ ಬೇಕಾದರೆ ನಾನೇ ಕೂತು ಬರೆದು ಕೊಟ್ಟು ಹೋಗ್ತೀನಿ" ಅಂದೆ. ಆಗಲ್ಲ ಅಂತ ಮಾತ್ರ ಹೇಳದೆ ಅವರ ತೊಂದರೆಗೆ ಬೇರೆ ದಾರಿ ಕೊಡೋದನ್ನ ನಾನು ಆ ದಾನಿಯೇಲನಿಂದಲೇ ಕಲಿತದ್ದು. ಅವರಿಗೇನೂ ಖುಷಿ ಆಗಲಿಲ್ಲ. ಆ ವರ್ಷ ನನಗೆ ಪ್ರಮೋಷನ್ನೂ ಬರಲಿಲ್ಲ. ಸರಿಯಾಗಿ ನಡೆದುಕೊಂಡರೆ ಎಲ್ಲ ಸರಿಹೋಗುತ್ತೆ ಅಂತ ಯಾರಾದರೂ ನಿಮಗೆ ಹೇಳಿದ್ದರೆ ಆ ಮಾತು ನಂಬಬೇಡಿ, ಬೈಬಲ್ ಹಾಗೆ ಎಲ್ಲೂ ಹೇಳಿಲ್ಲ.

ಇನ್ನೊಂದು ಕೆಲಸ, ಇದು ಸ್ವಲ್ಪ ನೋಯುತ್ತೆ. ಜನ ನಿಮ್ಮನ್ನ ದೂರ ಮಾಡಿದ್ದು ಯೇಸುವಿನ ಕಾರಣಕ್ಕಾ ಅಥವಾ ನಿಮ್ಮ ಬಾಯಿ ಕಾರಣಕ್ಕಾ ಅಂತ ನೋಡಿಕೊಳ್ಳಿ. ಪೇತ್ರ ತನ್ನ ಮೊದಲನೇ ಪತ್ರದಲ್ಲಿ ಕ್ರೈಸ್ತನಾಗಿ ಕಷ್ಟಪಟ್ಟರೆ ನಾಚಿಕೆ ಬೇಡ ಅಂತಾನೆ, ಆದರೆ ಅದರ ಹಿಂದಿನ ವಾಕ್ಯದಲ್ಲೇ ಕೊಲೆಗಾರ, ಕಳ್ಳ ಅನ್ನೋರ ಜೊತೆ ಪರರ ವಿಷಯದಲ್ಲಿ ತಲೆ ಹಾಕೋನನ್ನೂ ಸೇರಿಸಿ ಹಾಗೆ ಕಷ್ಟ ಪಡಬೇಡಿ ಅಂತಾನೆ. ನಾನು ನಂಬಿದ ಹೊಸದರಲ್ಲಿ ಅಮ್ಮ ಪ್ರಾರ್ಥನೆ ಮಾಡ್ತಿದ್ದಾಗ ಬಾಗಿಲಲ್ಲಿ ನಿಂತು, ಇದೆಲ್ಲ ಸುಳ್ಳು, ಇಷ್ಟು ವರ್ಷ ನೀನು ಮಾಡಿದ್ದೆಲ್ಲ ವೇಸ್ಟ್ ಅಂದೆ. ಅವಳು ತಿರುಗಿ ನೋಡಲೂ ಇಲ್ಲ, ಕೈ ಮಾತ್ರ ಹಾಗೇ ನಿಂತುಬಿಡ್ತು. ಅಣ್ಣ ಎಂಟು ತಿಂಗಳು ಮಾತಾಡಲಿಲ್ಲ. ನಾನು ಸಭೆಗೆ ಹೋಗಿ ನನಗೆ ಮನೇಲಿ ಹಿಂಸೆ ಆಗ್ತಿದೆ, ಪ್ರಾರ್ಥನೆ ಮಾಡಿ ಅಂತ ಕೇಳಿಕೊಂಡೆ. ಒಬ್ಬ ಹಿರಿಯರು ಪಕ್ಕಕ್ಕೆ ಕರೆದು ಏನಾಯ್ತು ಪೂರ್ತಿ ಹೇಳು ಅಂದರು, ಕೇಳಿಸಿಕೊಂಡು, "ತಮ್ಮಾ, ಮೊದಲು ಮನೆಗೆ ಹೋಗಿ ಅಮ್ಮನ ಹತ್ರ ಕ್ಷಮೆ ಕೇಳು" ಅಂದರು. ಹೋಗಿ, "ಅಮ್ಮ, ನಾನು ನಂಬಿರೋದನ್ನ ಬಿಡಲ್ಲ, ಆದರೆ ನಿನ್ನ ಹತ್ರ ಮಾತಾಡಿದ ರೀತಿ ತಪ್ಪು" ಅಂದೆ. ಅವತ್ತಿನಿಂದ ನಮ್ಮ ಮನೇಲಿ ವಾದ ಇದೆ, ಆದರೆ ಮಾತು ನಿಂತಿಲ್ಲ.

ಎಫೆಸದಲ್ಲಿ ಪೌಲನ ಜೊತೆಯವರ ಮೇಲೆ ಊರಿಗೆ ಊರೇ ತಿರುಗಿ ಬಿದ್ದಾಗ ಆ ಪಟ್ಟಣದ ಅಧಿಕಾರಿಯೇ ಎದ್ದು ನಿಂತು, ಇವರು ಗುಡಿ ದೋಚಿದವರೂ ಅಲ್ಲ, ನಮ್ಮ ದೇವಿಯನ್ನ ಬೈದವರೂ ಅಲ್ಲ ಅಂತ ಹೇಳಿದ, ಅಪೊಸ್ತಲರ ಕೃತ್ಯಗಳು 19ರಲ್ಲಿದೆ. ಪೌಲ ಅಲ್ಲಿ ಸುಮಾರು 3 ವರ್ಷ ಇದ್ದವನು, ಸುವಾರ್ತೆ ಜೋರಾಗೇ ಸಾರಿದವನು, ಆದರೂ ಎದುರಾಳಿಗಳ ಕಡೆಯವನೊಬ್ಬ ಆ ಮಾತು ಹೇಳೋ ಹಾಗೆ ಅವರು ನಡೆದುಕೊಂಡಿದ್ದರು. ಬೇರೆಯವರ ದೇವರನ್ನ ಬೈಯೋದು, ಅದರ ವಿಡಿಯೋ ಹಂಚೋದು, ಇದು ಸಾಕ್ಷಿ ಅಲ್ಲ.

ಹಾಗಾದರೆ ಕೇಳಿದವರಿಗೆ ಏನು ಹೇಳೋದು? ಮೂರು ನಾಲ್ಕು ಮಾತಲ್ಲಿ ಮುಗಿಯೋ ಉತ್ತರ ಒಂದನ್ನ ನಿಮ್ಮ ಸ್ವಂತ ಮಾತಲ್ಲಿ ರೆಡಿ ಮಾಡಿ ಇಟ್ಟುಕೊಳ್ಳಿ. ನಾನು ಹೀಗಿದ್ದೆ, ಯೇಸು ನನಗೋಸ್ಕರ ಸತ್ತು ಎದ್ದ ಅಂತ ತಿಳಿದು ನಂಬಿದೆ, ಅದರಿಂದ ನನ್ನಲ್ಲಿ ಇದು ಬದಲಾಯ್ತು, ನಿಮಗೆ ಇನ್ನೂ ತಿಳೀಬೇಕು ಅಂದರೆ ಕೂತು ಮಾತಾಡೋಣ. ಇಷ್ಟೇ. ನಿಮ್ಮಲ್ಲಿರೋ ನಿರೀಕ್ಷೆಗೆ ಕಾರಣ ಕೇಳಿದರೆ ಉತ್ತರ ಕೊಡೋಕೆ ಯಾವಾಗಲೂ ಸಿದ್ಧವಾಗಿರಿ, ಆದರೆ ಸಾತ್ವಿಕವಾಗಿ ಹೇಳಿ ಅಂತ ಪೇತ್ರ ಬರೆದದ್ದು ಕಷ್ಟದಲ್ಲಿದ್ದ ವಿಶ್ವಾಸಿಗಳಿಗೇನೇ. ಹಣ, ಕೆಲಸ, ವಾಸಿಯಾಗುತ್ತೆ ಅನ್ನೋ ಗ್ಯಾರಂಟಿ, ಇದನ್ನೆಲ್ಲ ತೋರಿಸಿ ಯಾರನ್ನೂ ಕರೀಬೇಡಿ. ಕಾಯಿಲೆಯವರಿಗೆ ಪ್ರಾರ್ಥನೆ ಮಾಡೋಕೂ ಮೊದಲು, ಮಾಡಲಾ ಅಂತ ಕೇಳಿ, ಬೇಡ ಅಂದರೆ ಹೊರಗೆ ಬಂದು ಮನಸ್ಸಲ್ಲೇ ಮಾಡಿ.

ಒಬ್ಬರೇ ಇರಬೇಡಿ. ಇದನ್ನ ಎಷ್ಟು ಸಲ ಹೇಳಿದರೂ ಸಾಲದು. ದೊಡ್ಡ ಕಟ್ಟಡ, ಮೈಕು, ಕೀಬೋರ್ಡ್ ಏನೂ ಬೇಡ, ಇಬ್ಬರು ಮೂವರು ಸಾಕು. ಸುಮಾರು ಕ್ರಿ.ಶ. 112ರಲ್ಲಿ ಬಿಥೂನ್ಯ, ಪೊಂತ ಪ್ರಾಂತ್ಯದ ಗವರ್ನರ್ ಆಗಿದ್ದ ಪ್ಲಿನಿ ರೋಮ್ ಚಕ್ರವರ್ತಿ ಟ್ರಾಜನನಿಗೆ ಈ ಕ್ರೈಸ್ತರನ್ನ ಏನು ಮಾಡೋದು ಅಂತ ಕೇಳಿ ಪತ್ರ ಬರೆದಿದ್ದ. ಸೇವಕಿಯರು ಅಂತ ಸಭೆಯಲ್ಲಿ ಕರೀತಿದ್ದ ಇಬ್ಬರು ದಾಸಿಯರನ್ನ ಚಿತ್ರಹಿಂಸೆ ಕೊಟ್ಟು ವಿಚಾರಿಸಿದ. ಅವನಿಗೆ ಒಟ್ಟು ತಿಳಿದುಬಂದದ್ದು ಇಷ್ಟು: ಗೊತ್ತಾದ ಒಂದು ದಿನ ಬೆಳಕು ಹರಿಯೋ ಮುಂಚೆ ಸೇರ್ತಾರೆ, ಕ್ರಿಸ್ತನನ್ನ ದೇವರು ಅಂತ ಹಾಡ್ತಾರೆ, ಕದಿಯಲ್ಲ, ವ್ಯಭಿಚಾರ ಮಾಡಲ್ಲ, ಕೊಟ್ಟ ಮಾತು ತಪ್ಪಲ್ಲ, ಯಾರಾದರೂ ನಂಬಿ ಇಟ್ಟ ಹಣ ಕೇಳಿದಾಗ ಇಲ್ಲ ಅನ್ನಲ್ಲ ಅಂತ ಪ್ರಮಾಣ ಮಾಡ್ತಾರೆ, ಆಮೇಲೆ ಮತ್ತೆ ಸೇರಿ ಸಾಧಾರಣ ಊಟ ಮಾಡ್ತಾರೆ. ಇಷ್ಟು ಹುಡುಕಿದರೂ ಅವನಿಗೆ ಅಪರಾಧ ಅಂತ ಏನೂ ಸಿಗಲಿಲ್ಲ, ಮಿತಿಮೀರಿದ ಮೂಢನಂಬಿಕೆ ಅಂತ ಬೈದು ಬರೆದ. ನನಗೆ ಆ ಇಬ್ಬರು ಹೆಂಗಸರ ಹೆಸರು ಗೊತ್ತಿದ್ದಿದ್ದರೆ ಎಷ್ಟು ಚೆನ್ನಾಗಿರ್ತಿತ್ತು ಅನಿಸುತ್ತೆ, ಪ್ಲಿನಿ ಅದನ್ನ ಬರೆಯಲೇ ಇಲ್ಲ. ನಿಮ್ಮ ಗುಂಪಿಗೂ ಆ ಲಿಸ್ಟ್ ಸಾಕು: ಹಾಡು, ವಾಕ್ಯ, ಒಟ್ಟಿಗೆ ಊಟ, ತಗೊಂಡ ಸಾಲ ವಾಪಸ್ ಕೊಡೋದು.

ಬಾಯಿಪಾಠ ಮಾಡಿ. ಪುಸ್ತಕ ಕಿತ್ತುಕೊಳ್ಳಬಹುದು, ಆ್ಯಪ್ ಬ್ಲಾಕ್ ಆಗಬಹುದು, ಬಾಯಿಗೆ ಬಂದದ್ದನ್ನ ಯಾರೂ ಕಿತ್ತುಕೊಳ್ಳಲ್ಲ. ಕರ್ತನ ಪ್ರಾರ್ಥನೆ, ಕೀರ್ತನೆ 23, 27, 46, ಬೆಟ್ಟದ ಮೇಲಿನ ಪ್ರಸಂಗ, ರೋಮಾಪುರದವರಿಗೆ 8, ಇವು ಮೊದಲು. ಜಪಾನಿನಲ್ಲಿ 1614ರಲ್ಲಿ ದೇಶ ಪೂರ್ತಿ ಕ್ರೈಸ್ತ ನಂಬಿಕೆ ನಿಷೇಧ ಆಯ್ತು, ಪಾದ್ರಿಗಳನ್ನ ಓಡಿಸಿದರು, ಕೊಂದರು, ಕ್ರಿಸ್ತನ ಅಥವಾ ಮರಿಯಳ ಚಿತ್ರ ಇರೋ ಫಲಕವನ್ನ ಕಾಲಲ್ಲಿ ತುಳಿಸಿ ಯಾರು ಕ್ರೈಸ್ತರು ಅಂತ ಪರೀಕ್ಷೆ ಮಾಡ್ತಿದ್ದರು. ಅಂಥ ಫಲಕಗಳು ಇವತ್ತಿಗೂ ಇವೆ, ತುಳಿದು ತುಳಿದು ಅದರಲ್ಲಿನ ಮುಖ ಸವೆದು ನುಣ್ಣಗಾಗಿದೆ. ಹಳ್ಳಿಯವರು ತಮ್ಮಲ್ಲೇ ಕೆಲಸ ಹಂಚಿಕೊಂಡರು, ಒಬ್ಬ ದೀಕ್ಷಾಸ್ನಾನ ಕೊಡೋನು, ಒಬ್ಬ ಹಬ್ಬದ ದಿನಗಳ ಲೆಕ್ಕ ಇಟ್ಟುಕೊಳ್ಳೋನು, ಪ್ರಾರ್ಥನೆಗಳು ತಂದೆಯ ಬಾಯಿಂದ ಮಗನ ಬಾಯಿಗೆ. 1865ರ ಮಾರ್ಚಿನಲ್ಲಿ ನಾಗಸಾಕಿಯಲ್ಲಿ ವಿದೇಶಿಯರಿಗೆ ಅಂತ ಹೊಸದಾಗಿ ಕಟ್ಟಿದ್ದ ಚರ್ಚಿಗೆ ಉರಕಾಮಿ ಅನ್ನೋ ಹಳ್ಳಿಯ ಒಂದಿಷ್ಟು ಜನ ಬಂದರು, ಒಬ್ಬ ಹೆಂಗಸು ಫ್ರೆಂಚ್ ಪಾದ್ರಿ ಪತೀಜಾನರ ಹತ್ರ ಬಂದು ನಮ್ಮೆಲ್ಲರ ಮನಸ್ಸೂ ನಿಮ್ಮ ಮನಸ್ಸೂ ಒಂದೇ ಅಂತ ಪಿಸುಗುಟ್ಟಿದಳು. ಏಳು ತಲೆಮಾರು ಪಾದ್ರಿ ಇಲ್ಲದೆ ಉಳಿದ ನಂಬಿಕೆ ಅದು. ಆಮೇಲೂ ಅವರ ಕಷ್ಟ ಮುಗಿಯಲಿಲ್ಲ, ಉರಕಾಮಿಯ ಮೂರು ಸಾವಿರಕ್ಕೂ ಹೆಚ್ಚು ಜನರನ್ನ ಊರು ಬಿಡಿಸಿ ಬೇರೆ ಬೇರೆ ಕಡೆ ಸಾಗಿಸಿದರು, 1873ರಲ್ಲಿ ನಿಷೇಧ ತೆಗೆದ ಮೇಲೇ ಬದುಕಿದ್ದವರು ವಾಪಸ್ ಬಂದದ್ದು. ನಿಮ್ಮ ಮಗುವಿಗೆ ರಾತ್ರಿ ಮಲಗೋ ಮುಂಚೆ ಒಂದು ವಾಕ್ಯ ಹೇಳಿಕೊಡೋದು ಸಣ್ಣ ಕೆಲಸ ಅಂತ ಅನಿಸಿದಾಗ ಆ ಹಳ್ಳಿ ನೆನಪು ಮಾಡಿಕೊಳ್ಳಿ.

ಗಂಡನೋ ಹೆಂಡತಿಯೋ ನಂಬದೇ ಇದ್ದರೆ ಬಿಟ್ಟು ಹೋಗಬೇಕಾ ಅಂತ ಕೆಲವರು ಕೇಳ್ತಾರೆ. ಅವರು ಜೊತೆಗಿರೋಕೆ ಒಪ್ಪಿದರೆ ಬಿಡಬೇಡಿ ಅಂತ ಪೌಲ 1 ಕೊರಿಂಥ 7ರಲ್ಲಿ ನೇರವಾಗೇ ಹೇಳಿದಾನೆ. ಮನೇಲಿ ಪ್ರಸಂಗ ಮಾಡಬೇಡಿ, ಕೆಲಸ ಹಂಚಿಕೊಳ್ಳಿ, ಅವರ ಕಡೆಯವರನ್ನ ಗೌರವದಿಂದ ನೋಡಿಕೊಳ್ಳಿ. ಆದರೆ ಹೊಡೆತ ಬಡಿತ ಇದ್ದರೆ ಸಹಿಸಿಕೊಳ್ಳೋದೇ ಸಾಕ್ಷಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಸುರಕ್ಷಿತ ಜಾಗಕ್ಕೆ ಹೋಗಿ.

ಅಪಾಯದ ವಿಷಯ ಬಂತಲ್ಲ, ಬಿಡಿಸಿ ಹೇಳ್ತೀನಿ. ಓಡಿಹೋಗೋದು ಪಾಪ ಅಲ್ಲ. ಒಂದು ಊರಲ್ಲಿ ಹಿಂಸೆ ಕೊಟ್ಟರೆ ಇನ್ನೊಂದು ಊರಿಗೆ ಓಡಿಹೋಗಿ ಅಂತ ಯೇಸುವೇ ಹೇಳಿದ್ದು, ಮತ್ತಾಯ 10ರಲ್ಲಿ. ಪೌಲನನ್ನ ದಮಸ್ಕದ ಗೋಡೆಯಿಂದ ಬುಟ್ಟಿಯಲ್ಲಿ ಇಳಿಸಿದರು. ಎರಡನೇ ಶತಮಾನದಲ್ಲಿ ಸ್ಮುರ್ನದ ಬಿಷಪ್ ಪಾಲಿಕಾರ್ಪ್ ಮೊದಲು ಸ್ನೇಹಿತರ ಮಾತು ಕೇಳಿ ಊರಾಚೆ ತೋಟದ ಮನೆಗೆ ಹೋದರು, ಆಮೇಲೆ ಇನ್ನೊಂದಕ್ಕೆ. ಅಲ್ಲಿಗೂ ಬಂದು ಹಿಡಿದಾಗ ಬಂದವರಿಗೆ ಊಟ ಹಾಕಿಸಿ, ಪ್ರಾರ್ಥನೆಗೆ ಒಂದು ಗಂಟೆ ಕೊಡಿ ಅಂದವರು ಎರಡು ಗಂಟೆ ನಿಂತು ಪ್ರಾರ್ಥಿಸಿದರು. ವಿಚಾರಣೆ ಮಾಡಿದ ಅಧಿಕಾರಿ ಕ್ರಿಸ್ತನನ್ನ ಬೈದರೆ ಬಿಡ್ತೀನಿ ಅಂದಾಗ, 86 ವರ್ಷ ಆತನ ಸೇವೆ ಮಾಡಿದೀನಿ, ಆತ ನನಗೆ ಯಾವ ಕೇಡೂ ಮಾಡಲಿಲ್ಲ ಅಂದದ್ದು ಎಲ್ಲರಿಗೂ ಗೊತ್ತು. ಅವರ ಸಾವಿನ ಬಗ್ಗೆ ಸ್ಮುರ್ನದ ಸಭೆಯವರು ಬರೆದ ವೃತ್ತಾಂತದಲ್ಲೇ ಕ್ವಿಂತಸ್ ಅನ್ನೋ ಇನ್ನೊಬ್ಬ ಇದಾನೆ, ತಾನೇ ಮುಂದೆ ಬಿದ್ದು ಅಧಿಕಾರಿಗಳಿಗೆ ಒಪ್ಪಿಸಿಕೊಂಡು, ಬೇರೆಯವರನ್ನೂ ಹುರಿದುಂಬಿಸಿ, ಮೈಮೇಲೆ ಬಿಡೋಕೆ ಇಟ್ಟಿದ್ದ ಮೃಗಗಳನ್ನ ನೋಡಿದ ಕೂಡಲೇ ಹೆದರಿ ನಂಬಿಕೆ ಬಿಟ್ಟ. ತಾವಾಗಿ ಹೋಗಿ ಒಪ್ಪಿಸಿಕೊಳ್ಳೋರನ್ನ ನಾವು ಹೊಗಳಲ್ಲ ಅಂತ ಆ ಸಭೆಯವರು ಸ್ಪಷ್ಟವಾಗಿ ಬರೆದಿದಾರೆ. ಹುಡುಗರೇ, ಇದನ್ನ ಎರಡು ಸಲ ಓದಿ.

ಇನ್ನು ದಿನನಿತ್ಯದ ಎಚ್ಚರಿಕೆ. ಬೇರೆಯವರ ದೀಕ್ಷಾಸ್ನಾನದ ಫೋಟೋ, ಸಭೆ ಸೇರೋ ಮನೆಯ ಲೊಕೇಷನ್, ಹೊಸದಾಗಿ ನಂಬಿದವರ ಹೆಸರು ಯಾವ ಗ್ರೂಪಲ್ಲೂ ಹಾಕಬೇಡಿ, ನಿಮ್ಮ ಧೈರ್ಯಕ್ಕೆ ಇನ್ನೊಬ್ಬರು ಬೆಲೆ ತೆರೋ ಹಾಗಾಗಬಾರದು. ಬೆದರಿಕೆ ಬಂದರೆ ಯಾರು, ಯಾವತ್ತು, ಎಷ್ಟು ಹೊತ್ತಿಗೆ, ಯಾವ ಮಾತು ಅಂದರು ಅಂತ ಅವತ್ತೇ ಬರೆದಿಡಿ, ಮೆಸೇಜ್ ಡಿಲೀಟ್ ಮಾಡಬೇಡಿ, ಏಟು ಬಿದ್ದಿದ್ದರೆ ಡಾಕ್ಟರ್ ಹತ್ರ ದಾಖಲೆ ಮಾಡಿಸಿ, ವಕೀಲರನ್ನ ಕೇಳಿ. ಕಾನೂನು ಬಳಸೋದು ಅಪನಂಬಿಕೆ ಅಲ್ಲ. ಫಿಲಿಪ್ಪಿಯಲ್ಲಿ ವಿಚಾರಣೆ ಇಲ್ಲದೆ ಹೊಡೆಸಿ ಗುಟ್ಟಾಗಿ ಬಿಟ್ಟು ಕಳಿಸೋಕೆ ನೋಡಿದಾಗ ಪೌಲ, ನಾವು ರೋಮ್ ಪೌರರು, ಅವರೇ ಬಂದು ನಮ್ಮನ್ನ ಹೊರಗೆ ಕರಕೊಂಡು ಹೋಗಲಿ ಅಂದ. ರೋಮ್ ಚಕ್ರವರ್ತಿ ಕೈಸರನ ತನಕ ಅಪೀಲ್ ಹೋದವನು ಅವನು. 1948ರ ವಿಶ್ವ ಮಾನವ ಹಕ್ಕುಗಳ ಘೋಷಣೆಯ 18ನೇ ವಿಧಿ ನಂಬಿಕೆ ಇಟ್ಟುಕೊಳ್ಳೋದಕ್ಕೆ, ಬದಲಾಯಿಸೋದಕ್ಕೆ, ಒಬ್ಬರೇ ಆಗಲಿ ಜೊತೆಗೂಡಿ ಆಗಲಿ ಆಚರಿಸೋದಕ್ಕೆ ಎಲ್ಲರಿಗೂ ಹಕ್ಕಿದೆ ಅನ್ನುತ್ತೆ. ಎಲ್ಲರಿಗೂ ಅಂದರೆ ನಿಮ್ಮನ್ನ ವಿರೋಧಿಸೋರಿಗೂ.

ಸುಮ್ಮನಿರೋದು ತಪ್ಪಾ? ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪದಿದ್ದರೂ ಸರಿ. ಕೇಳದವರಿಗೆ ಹೇಳದೇ ಇರೋದು ಬೇರೆ, ಕೇಳಿದಾಗ ಅಲ್ಲ ಅನ್ನೋದು ಬೇರೆ. ರಾಣಿ ದೇವರ ಪ್ರವಾದಿಗಳನ್ನ ಕೊಲ್ಲಿಸ್ತಿದ್ದಾಗ ಓಬದ್ಯ ಅರಸ ಅಹಾಬನ ಅರಮನೆಯಲ್ಲೇ ಕೆಲಸ ಮಾಡ್ಕೊಂಡು 100 ಪ್ರವಾದಿಗಳನ್ನ ಐವತ್ತೈವತ್ತು ಜನರಂತೆ ಗವಿಯಲ್ಲಿ ಅಡಗಿಸಿ ಸಾಕಿದ. ಪ್ರವಾದಿ ಎಲೀಯ ಬೆಟ್ಟದ ಮೇಲೆ ಎಲ್ಲರ ಎದುರಿಗೇ ನಿಂತ. ಇಬ್ಬರೂ ಬೇಕಾಗಿದ್ದರು.

ಮತ್ತೆ ನಿಮ್ಮನ್ನ ಬೇಡ ಅಂದ ಊರಿಗೇ ಒಳ್ಳೇದು ಮಾಡಿ. ಬಾಬೆಲಿಗೆ ಸೆರೆ ಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರದಲ್ಲಿ ಮನೆ ಕಟ್ಟಿ, ತೋಟ ಮಾಡಿ, ಆ ಊರಿನ ಕ್ಷೇಮಕ್ಕೆ ಪ್ರಾರ್ಥನೆ ಮಾಡಿ ಅಂತಿದೆ. ಮೂರನೇ ಶತಮಾನದಲ್ಲಿ ಕಾರ್ಥೇಜಿಗೆ ಭಯಂಕರ ರೋಗ ಬಂದಾಗ ಬಿಷಪ್ ಸಿಪ್ರಿಯಾನ್ ತಮ್ಮವರನ್ನ ಮಾತ್ರ ನೋಡಿಕೊಂಡರೆ ಸಾಲದು, ಹಿಂಸೆ ಕೊಟ್ಟವರನ್ನೂ ನೋಡಿಕೊಳ್ಳಬೇಕು ಅಂತ ಸಭೆಯನ್ನ ಎಬ್ಬಿಸಿದರು. ಮುಂದಿನ ಶತಮಾನದಲ್ಲಿ ಕ್ರೈಸ್ತ ನಂಬಿಕೆಯನ್ನ ತಳ್ಳಿಹಾಕಿದ ಚಕ್ರವರ್ತಿ ಜೂಲಿಯನ್, ಈ ಗಲಿಲಾಯದವರು (ಕ್ರೈಸ್ತರನ್ನ ಅವನು ಹಾಗೆ ಕರೀತಿದ್ದ) ತಮ್ಮ ಬಡವರ ಜೊತೆ ನಮ್ಮ ಬಡವರನ್ನೂ ಸಾಕ್ತಿದಾರೆ ಅಂತ ಸಂಕಟಪಟ್ಟು ಪತ್ರ ಬರೆದ. ಪಕ್ಕದ ಮನೆಯವರು ಆಸ್ಪತ್ರೆಯಲ್ಲಿದ್ದರೆ ರಾತ್ರಿ ಜೊತೆಗೆ ಕೂರೋಕೆ ನೀವು ಹೋಗಿ, ರಕ್ತ ಬೇಕಾದರೆ ಕೊಡಿ, ಅದರ ಜೊತೆಗೆ ಕರಪತ್ರ ಕೊಡಬೇಡಿ. ಬೈದವರ ಹೆಸರು ಬರೆದಿಟ್ಟುಕೊಂಡು ಒಂದೊಂದಾಗಿ ದಿನಾ ಪ್ರಾರ್ಥಿಸಿ, ಮೊದಮೊದಲು ಹಲ್ಲು ಕಚ್ಚಿಕೊಂಡೇ ಮಾಡಬೇಕಾಗುತ್ತೆ, ಮಾಡಿ.

ಕೊನೇದು, ಬಿದ್ದರೆ ಏನು ಮಾಡೋದು. ಬೀಳ್ತೀರಿ. ಯಾರೋ ಸುಮ್ಮನೆ, ನೀನು ಆ ಜನಾನಾ ಅಂತ ಕೇಳಿರ್ತಾರೆ, ಬಾಯಿ ತಾನಾಗಿ ಇಲ್ಲಪ್ಪ ಅಂದುಬಿಡುತ್ತೆ, ರಾತ್ರಿ ನಿದ್ದೆ ಬರಲ್ಲ. ಕ್ರಿ.ಶ. 250ರಲ್ಲಿ ಚಕ್ರವರ್ತಿ ಡೀಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಕೊಟ್ಟು ಸರ್ಟಿಫಿಕೇಟ್ ತಗೋಬೇಕು ಅಂತ ಆಜ್ಞೆ ಮಾಡಿದಾಗ ಎಷ್ಟೋ ಜನ ಕ್ರೈಸ್ತರು ಕೊಟ್ಟರು, ಕೆಲವರು ಕೊಡದೆ ಹಣ ಕೊಟ್ಟು ಕಾಗದ ಮಾತ್ರ ತಗೊಂಡರು, ಆಮೇಲೆ ಅಳುತ್ತ ವಾಪಸ್ ಬಂದರು. ಬಾಗಿಲು ಹಾಕಿಬಿಡೋಣ ಅಂದವರೂ ಇದ್ದರು, ಆದರೆ ಸಭೆ ಪಶ್ಚಾತ್ತಾಪದ ದಾರಿ ಇಟ್ಟು ಅವರನ್ನ ಒಳಗೆ ತಗೊಂಡಿತು. ಬಿದ್ದ ಮಾರನೇ ದಿನ ದೇವರ ಹತ್ರ ಮುಚ್ಚುಮರೆ ಇಲ್ಲದೆ ಹೇಳಿ, ಆಮೇಲೆ ನಂಬಿಕಸ್ಥರಾದ ಒಬ್ಬ ವಿಶ್ವಾಸಿಗೆ ಹೇಳಿ, ಆಗೋದಾದರೆ ಆ ಕೇಳಿದವರ ಹತ್ರಾನೇ ಹೋಗಿ, ಅವತ್ತು ನಾನು ಸುಳ್ಳು ಹೇಳಿದೆ ಅಂತ ಹೇಳಿ.

ಹಾಗೆ ಬಿದ್ದು ಬಂದವರು ನಿಮ್ಮ ಗುಂಪಿಗೆ ಬಂದರೆ ಯೋಹಾನನ ಸುವಾರ್ತೆಯ 18 ಮತ್ತು 21ನೇ ಅಧ್ಯಾಯಗಳನ್ನ ಅವರ ಜೊತೆ ಕೂತು ಓದಿ. ಪೇತ್ರ ಆತನನ್ನ ಅರಿಯೆ ಅಂದಾಗ ಇದ್ದಿಲಿನ ಬೆಂಕಿ ಹತ್ರ ಚಳಿ ಕಾಯಿಸ್ತಾ ನಿಂತಿದ್ದ. ಎದ್ದು ಬಂದ ಯೇಸು ದಡದಲ್ಲಿ ಕಾಯ್ತಿದ್ದಾಗಲೂ ಅಲ್ಲಿ ಇದ್ದಿಲಿನ ಬೆಂಕಿ ಇತ್ತು, ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಬಂದು ಊಟ ಮಾಡಿ ಅಂದ ಆತ, ಊಟ ಆದ ಮೇಲೆ ಮೂರು ಸಲ ಪ್ರೀತಿಯ ವಿಷಯ ಕೇಳಿದ. ನೀವೂ ಮೊದಲು ಊಟಕ್ಕೆ ಕೂರಿಸಿ.